ಗೊಂತಾ ಅಳದ ಭಾನುವಾರ

ಹನ್ನೆರಡನೆಯ ಸೆಕೆಂಡಿಗೇ ಗೊಂತಾ ಕುಂಯ್‌ಗುಟ್ಟಿತು.

ಇಪ್ಪತ್ತಕ್ಕೆ ಮುಂಗಾಲು ಕುಣಿಸಿತು. ಮೂವತ್ತಕ್ಕೆ ಎದ್ದು ನಿಂತು, ಯಜಮಾನ ಮರೆಯಾಗಿದ್ದ ಸಾಮಾನಿನ ಕೊಠಡಿಯ ಕಡೆ ಕತ್ತು ಚಾಚಿ, ನದಿಯ ಆಚೆ ದಡಕ್ಕೂ ಕೇಳುವಂತೆ ಗೋಳಿಟ್ಟಿತು. ಸಾಲಿನಲ್ಲಿ ಮಲಗಿದ್ದ ಉಳಿದ ಐದು ನಾಯಿಗಳೂ ತಲೆಯೆತ್ತಿ ಅದನ್ನೇ ನೋಡಿದವು.

"ಸಾಕು, ಬನ್ನಿ ಗೊಂತಾನ ಅಪ್ಪ!" ಎಂದು ಕೂಗಿದೆ. ನಮ್ಮ ತರಗತಿಯಲ್ಲಿ ಸಾಕಿದವರನ್ನು ನಾಯಿಯ ಹೆಸರು ಹಿಡಿದೇ ಕರೆಯುವುದು.

ಕೊಠಡಿಯ ಹಿಂದಿನಿಂದ ಕುನಿಹಿಕೊ ಹಾರಿಗಾಯಾ ನಗುತ್ತ ಬಂದ. ಐವತ್ತೆರಡರ ಸಣಕಲು ಮನುಷ್ಯ, ಒಕಾಯಾಮಾ ಪೇಟೆಯಲ್ಲಿ ಕನ್ನಡಕದ ಅಂಗಡಿ. ಎದುರಿಗೆ ಅವನನ್ನು ನಾನು 'ನೀವು' ಎಂದೇ ಮಾತಾಡಿಸುತ್ತಿದ್ದೆ. ಇಲ್ಲಿ ಹಾಗೆ ಬರೆಯಲು ಮನಸ್ಸು ಬರುವುದಿಲ್ಲ.

"ಏನ್ ಮಾಡೋದು ಟೀಚರ್, ನಾಯಿ ಬಾಲ ಯಾವತ್ತೂ ಡೊಂಕೇ" ಎಂದ. ಗೊಂತಾ ಅವನ ಕಾಲಿಗೆ ಸುತ್ತಿಕೊಂಡು, ಏಳು ಜನ್ಮದ ನಂತರ ಸಿಕ್ಕವನ ಹಾಗೆ ಕುಣಿಯಿತು. ಕೆಂಚು ಬಣ್ಣದ ಶಿಬಾ ಜಾತಿಯ ನಾಯಿ, ಮೂರು ವರ್ಷ, ಬುದ್ಧಿಗೇನೂ ಕಡಿಮೆಯಿಲ್ಲ.

ಈ ಪಾಠ ಕೇಳಲು ಸುಲಭ. ನಾಯಿಯನ್ನು ಮಲಗಿಸಿ, 'ಇರು' ಎಂದು ಅಂಗೈ ತೋರಿಸಿ, ಸಾಕಿದವರು ಕೊಠಡಿಯ ಹಿಂದೆ ಎರಡು ನಿಮಿಷ ಮರೆಯಾಗಬೇಕು. ನಾಯಿ ಅಲುಗಬಾರದು, ಸದ್ದು ಮಾಡಬಾರದು. ನನ್ನ ತರಗತಿಯಲ್ಲಿ ತೇರ್ಗಡೆಯಾಗಲು ಇದೇ ಕಡೆಯ ಮೆಟ್ಟಿಲು.

ಪ್ರತಿಯೊಬ್ಬರ ಕೊರಳಲ್ಲೂ ಒಂದು ಕಾರ್ಡು ನೇತಾಡುತ್ತದೆ. ಚೆನ್ನಾಗಿ ಮಾಡಿದರೆ ಅದರ ಮೇಲೆ ಕೆಂಪು ಹೂವಿನ ಮುದ್ರೆ ಒತ್ತುತ್ತೇನೆ. ಇಲ್ಲದಿದ್ದರೆ ಪೆನ್ಸಿಲಿನಲ್ಲಿ ಒಂದು ಸಾಲು. 'ಇನ್ನೂ ಅಭ್ಯಾಸ ಬೇಕು' ಎಂದು ಬರೆಯಲು ಕುನಿಹಿಕೊನ ಕಾರ್ಡು ಎಳೆದುಕೊಂಡೆ.

ಜನವರಿಯಿಂದ ಹನ್ನೊಂದು ಭಾನುವಾರ. ಕಾರ್ಡಿನ ಹತ್ತು ಚೌಕಗಳಲ್ಲಿ ಪೆನ್ಸಿಲಿನ ಸಾಲು. 'ಕುಂಯ್ ಎಂದಿತು', 'ಎದ್ದಿತು', 'ಅತ್ತಿತು'. ಒಂದೇ ಒಂದು ಚೌಕದಲ್ಲಿ, ಮಾರ್ಚಿಯ ಮೊದಲ ಭಾನುವಾರ, ಕೆಂಪು ಹೂವು. ಕೆಳಗೆ ನನ್ನದೇ ಅಕ್ಷರ: 'ಅದ್ಭುತ! ಎರಡು ನಿಮಿಷ ಪೂರ್ತಿ. ಒಂದು ಸದ್ದೂ ಇಲ್ಲ.'

ಆ ಸಾಲನ್ನು ಇನ್ನೊಮ್ಮೆ ಓದಿದೆ.

ಆ ಭಾನುವಾರ, ಹತ್ತೂಕಾಲಿನಿಂದ ಹತ್ತೂಮುಕ್ಕಾಲಿನೊಳಗೆ, ಕುನಿಹಿಕೊನ ಚಿಕ್ಕಮ್ಮ ಸುಮಿ ಅವರನ್ನು ಯಾರೋ ಅವರ ಮನೆಯ ಮೆಟ್ಟಿಲ ಮೇಲಿಂದ ತಳ್ಳಿದ್ದರು. ಹತ್ತೂಕಾಲಿಗೆ ಅಕ್ಕಿ ಅಂಗಡಿಗೆ ಫೋನು ಮಾಡಿ ಐದು ಕಿಲೋ ಹೇಳಿದ್ದ ಎಪ್ಪತ್ತೊಂಬತ್ತರ ಹೆಂಗಸು, ಮನೆಯಿಂದ ಮನೆಗೆ ದಾಟಿಸುವ ಬೀದಿಯ ಸುತ್ತೋಲೆ ಹಲಗೆ ಕೊಡಲು ಬಂದ ಪಕ್ಕದ ಮನೆಯಾಕೆಗೆ ಹತ್ತೂಮುಕ್ಕಾಲಿಗೆ ಮೆಟ್ಟಿಲ ಬುಡದಲ್ಲಿ ಸಿಕ್ಕರು. ಇಂದಿಗೂ ಕಣ್ಣು ಬಿಟ್ಟಿಲ್ಲ.

ಮನೆಯ ಕೀಲಿ ಇದ್ದದ್ದು ಇಬ್ಬರ ಹತ್ತಿರ. ಒಬ್ಬ ಕುನಿಹಿಕೊ. ಇನ್ನೊಬ್ಬಳು ಹದಿನೆಂಟು ವರ್ಷದಿಂದ ಅದೇ ಮನೆಯಲ್ಲಿದ್ದು ಕೆಲಸ ನೋಡಿಕೊಳ್ಳುತ್ತಿದ್ದ ತಾಮಾಕಿ. ಕುಡುಕ ಗಂಡನನ್ನು ಬಿಟ್ಟು ಒಂದು ಕೈಚೀಲದ ಜೊತೆ ಬಂದವಳಿಗೆ ಸುಮಿ ಅವರು ತಮ್ಮ ಮಗ್ಗುಲಲ್ಲೇ ಹಾಸಿಗೆ ಹಾಕಿಸಿದ್ದರಂತೆ.

ಕುನಿಹಿಕೊ ಆ ಹೊತ್ತಿಗೆ ನನ್ನ ತರಗತಿಯಲ್ಲಿದ್ದ. ಹಾಗೆಂದು ಪೊಲೀಸರಿಗೆ ಬರೆದು, ಸಹಿಯ ಜಾಗದಲ್ಲಿ ನನ್ನ ಹೆಸರಿನ ಮುದ್ರೆ ಒತ್ತಿ ಕೊಟ್ಟವಳು ನಾನು, ಶಿಗೆನೊ ತಾತ್ಸುಮಿ. ಉಳಿದದ್ದು ತಾಮಾಕಿ ಒಬ್ಬಳೇ. ಎಲ್ಲಿದ್ದೆ ಎಂದರೆ ಅವಳು ಬಾಯಿ ಬಿಡಲಿಲ್ಲ. ಹಿಡಿದುಕೊಂಡು ಹೋದರು. ಆರೋಪ ಹೊರಿಸಲು ಇದ್ದ ಗಡುವು ನಾಳೆಗೆ ಮುಗಿಯುತ್ತದೆ. ನಿನ್ನೆ ಅವಳು ಇದ್ದಕ್ಕಿದ್ದಂತೆ 'ತಳ್ಳಿದ್ದು ನಾನೇ' ಎಂದು ಸಹಿ ಹಾಕಿದ್ದಳು.

ಹತ್ತು ಸಲ ಅತ್ತ ನಾಯಿ ಅದೊಂದು ದಿನ ಯಾಕೆ ಅಳಲಿಲ್ಲ?

ಅಂದು ನಾನು ಕೊಟ್ಟುಕೊಂಡ ಉತ್ತರ ನೆನೆದರೆ ಈಗಲೂ ಕೆನ್ನೆ ಉರಿಯುತ್ತದೆ. ನನ್ನ ಪಾಠ ಫಲ ಕೊಟ್ಟಿತು ಎಂದುಕೊಂಡಿದ್ದೆ. ಮೂವತ್ತು ವರ್ಷ ನಾಯಿ ತಿದ್ದಿದವಳು, ಪೊಲೀಸರಿಗೂ ನಾಯಿ ಕಳಿಸಿದವಳು, ಮೆಚ್ಚಿಕೊಂಡು ಹೂವಿನ ಮುದ್ರೆ ಒತ್ತಿ, ಸಂಜೆ ಒಬ್ಬಳೇ ಕೂತು ಒಂದು ಲೋಟ ಮದ್ಯ ಹೆಚ್ಚಿಗೆ ಕುಡಿದಿದ್ದೆ.

ಪ್ರೀತಿಸುವವರು ಕಣ್ಮರೆಯಾದರೆ ಗೊಂತಾ ಅಳುತ್ತದೆ. ಅಳಲಿಲ್ಲವೆಂದರೆ ಇನ್ನೊಂದು ಕಾರಣವೂ ಇರಬಹುದಲ್ಲ.

"ಗೊಂತಾನ ಅಪ್ಪ, ಇನ್ನೊಂದ್ಸಲ ಮರೆಯಾಗಿ. ನಾಯಿಗೆ ಮಾತ್ರ ಕಾಣ್ಬೇಡಿ. ಹಾಗೇ ಕೊಠಡಿ ಹಿಂದೆ ಇರಿ. ಇನ್ನೊಬ್ರು ಹಿಡಿದ್ರೆ ಹೇಗಿರತ್ತೆ ನೋಡೋಣ" ಎಂದೆ. ಕುನಿಹಿಕೊ ಹೆಗಲು ಕುಣಿಸಿ ಮತ್ತೆ ಮರೆಗೆ ಹೋದ. ಗೊಂತಾ ಅತ್ತಿತು. ಅದರ ಅಳು ನಿಲ್ಲುವ ತನಕ ಕಾದು, ಮೈದಾನದ ಇನ್ನೊಂದು ತುದಿಗೆ ಕರೆದೊಯ್ದು, ಹಗ್ಗವನ್ನು ಮೊನಾಕಾನ ಅಮ್ಮನ ಕೈಗೆ ಕೊಟ್ಟೆ.

ಆಕೆ ನಾಯಿಯನ್ನು ಮಲಗಿಸಿ, ಅಂಗೈ ತೋರಿಸಿ, ಬಿದಿರು ಮೆಳೆಯ ಹಿಂದೆ ಹೋದರು. ನಾನು ಕೈಗಡಿಯಾರ ನೋಡುತ್ತ ನಿಂತೆ.

ಒಂದು ನಿಮಿಷ. ಗೊಂತಾ ಆಕಳಿಸಿತು. ಎರಡು ನಿಮಿಷ. ಹುಲ್ಲು ಮೂಸಿತು, ಗಲ್ಲ ನೆಲಕ್ಕೆ ಊರಿತು. ಸದ್ದಿಲ್ಲ.

ಇನ್ನೊಮ್ಮೆ ಅಜುಕಿಯ ಅಪ್ಪನ ಕೈಯಲ್ಲಿ ಮಾಡಿಸಿದೆ. ಸದ್ದಿಲ್ಲ. ಕಡೆಗೆ ಮತ್ತೆ ಕುನಿಹಿಕೊ. ಹದಿನಾಲ್ಕನೆಯ ಸೆಕೆಂಡಿಗೆ ಕುಂಯ್.

ತರಗತಿ ಮುಗಿದ ಮೇಲೆ ಮೊನಾಕಾನ ಅಮ್ಮನನ್ನು ಹುಣಸೆಹಣ್ಣು ಹಿಂಡಿದ ಹಾಗೆ ಹಿಂಡಿದೆ. ಅರವತ್ತರ ದಪ್ಪ ಹೆಂಗಸು. ಪೂಡಲ್ ಮರಿಯನ್ನು ಹೆಗಲಿಗೆ ಹಾಕಿಕೊಂಡೇ ಓಡಾಡುತ್ತಾರೆ. ಮಾತು ಶುರುವಾದರೆ ನಿಲ್ಲಿಸಲು ಅಂಗೈ ತೋರಿಸಿದರೂ ಸಾಲದು.

"ಮೊದಲ್ನೇ ಭಾನುವಾರ ಗೊಂತಾನ ಅಪ್ಪ ಬಂದಿದ್ರಾ?"

"ಬಂದಿದ್ರಲ್ಲ! ಪೊಲೀಸ್ನೋರಿಗೂ ಅದೇ ಹೇಳ್ದೆ."

"ಮುಖ ನೋಡಿದ್ರಾ?"

"ಅಯ್ಯೋ, ಮುಖ ಯಾರ್ದು ಕಾಣ್ತಿತ್ತು ಟೀಚರ್? ಹೂವಿನ ಪರಾಗಕ್ಕೆ ಎಲ್ರೂ ಸೀನೋ ಕಾಲ. ನಾನೂ ಮಾಸ್ಕು, ನೀವೂ ಮಾಸ್ಕು. ಮೇಲಿಂದ ಆ ದೊಡ್ಡ ಕನ್ನಡಕ ಬೇರೆ. ಅವ್ರೇ ಪಾಪ ಹಿಂದಿನ ವಾರ ಎಲ್ರಿಗೂ ಅಂಗಡಿಯಿಂದ ತಂದು ಹಂಚಿದ್ರಲ್ಲ, ಬಿಟ್ಟಿ. ಎಂಥಾ ದೊಡ್ಡ ಮನಸ್ಸು!"

"ಮಾತಾಡಿದ್ರಾ?"

"ಮೌನದ ಪಾಠದ ದಿನ ಮಾತಾಡಿದ್ರೆ ನೀವು ಸುಮ್ನೆ ಬಿಡ್ತೀರಾ?"

ಹೌದು. ಆಚೆ ದಡದ ಮನೆಯ ಮುದುಕರೊಬ್ಬರು ನಮ್ಮ ಕೂಗಾಟಕ್ಕೆ ವಾರ್ಡ್ ಕಚೇರಿಗೆ ದೂರು ಕೊಟ್ಟಾಗಿನಿಂದ, ತಿಂಗಳ ಮೊದಲ ಭಾನುವಾರ ಹತ್ತರಿಂದ ಹನ್ನೊಂದರ ತನಕ ಯಾರೂ ಬಾಯಿ ತೆರೆಯುವ ಹಾಗಿಲ್ಲ. ಬರೀ ಕೈಸನ್ನೆ. ನಾನೂ ಹಲಗೆಯ ಮೇಲೆ ಬರೆದು ತೋರಿಸುತ್ತೇನೆ. ವರ್ಷದ ವೇಳಾಪಟ್ಟಿ ಎಲ್ಲರ ಕಾರ್ಡಿನ ಹಿಂದೆ ಅಚ್ಚಾಗಿದೆ.

"ಮತ್ತೆ ಅವ್ರೇ ಅಂತ ನಿಮಗೆ ಹೇಗೆ ಗೊತ್ತಾಯ್ತು?"

ಮೊನಾಕಾನ ಅಮ್ಮ ನನ್ನನ್ನು ಪೆದ್ದಿಯ ಹಾಗೆ ನೋಡಿದರು. "ಗೊಂತಾ ಬಂದಿತ್ತಲ್ಲ ಟೀಚರ್!"

"ಅವ್ರ ಹೆಸರೇನು?"

"ಗೊಂತಾನ ಅಪ್ಪ... ಹೆಸರು... ಪೊಲೀಸ್ನೋರು ಏನೋ ಹೇಳಿದ್ರಪ್ಪ." ಸ್ವಲ್ಪ ತಡವರಿಸಿ, ನನ್ನ ಕಡೆಗೇ ಬಾಣ ತಿರುಗಿಸಿದರು. "ಅದಿರ್ಲಿ, ಎರಡು ವರ್ಷದಿಂದ ಬರ್ತಿದ್ದೀನಿ. ನನ್ನ ಹೆಸರೇನು ಹೇಳಿ ನೋಡೋಣ?"

ಹೆಗಲ ಮೇಲಿದ್ದ ಪೂಡಲ್ ಕಡೆ ನೋಡಿದೆ.

"ಮೊನಾಕಾನ ಅಮ್ಮ" ಎಂದೆ.

ಆಕೆ ಹೊಟ್ಟೆ ಹಿಡಿದು ನಕ್ಕರು. ನನಗೆ ನಗು ಬರಲಿಲ್ಲ. ನಾವು ಆರು ಜನ, ಆ ದಿನ ಒಂದು ನಾಯಿಯನ್ನು ನೋಡಿ ಒಬ್ಬ ಮನುಷ್ಯನಿಗೆ ಸಾಕ್ಷಿ ಹೇಳಿದ್ದೆವು. ಆ ಸಾಕ್ಷಿಯ ಭಾರ ಇಪ್ಪತ್ತು ದಿನದಿಂದ ತಾಮಾಕಿಯ ತಲೆಯ ಮೇಲಿತ್ತು.

ಎಲ್ಲರೂ ಹೊರಟರು. ಕುನಿಹಿಕೊ ಉಳಿದ, ಯಾಕೆಂದರೆ ಇವತ್ತು ಮೈದಾನ ಗುಡಿಸುವ ಸರದಿ ಅವನದು. ಪಾಠಕ್ಕೆ ನೆಟ್ಟಿದ್ದ ಕೋಲುಗಳನ್ನು ಒಟ್ಟುಮಾಡುತ್ತ, ಕೂದಲಿನ ಉಂಡೆಗಳನ್ನು ಹೆಕ್ಕುತ್ತ, ತುಂಬ ಅಚ್ಚುಕಟ್ಟಾಗಿ ಕೆಲಸ ಮಾಡುತ್ತಿದ್ದ.

ನಾನು ಕಾರಿನ ಹಿಂದೆ ನಿಂತು ಒಚಿಯಾಯಿಗೆ ಫೋನು ಹಚ್ಚಿದೆ. ಪೇದೆಯಾಗಿದ್ದಾಗ ನನ್ನ ನಾಯಿಗಳ ಹಿಂದೆ ಓಡಿ ಮೊಣಕಾಲು ಕೆತ್ತಿಸಿಕೊಂಡವನು, ಈಗ ಇನ್‌ಸ್ಪೆಕ್ಟರ್. ತಾಮಾಕಿಯ ಪ್ರಕರಣ ಅವನ ಕೈಯಲ್ಲೇ ಇತ್ತು.

"ಅವತ್ತು ಗೊಂತಾನ್ನ ಹಿಡ್ಕೊಂಡು ಬಂದಿದ್ದು ಕುನಿಹಿಕೊ ಅಲ್ಲ" ಎಂದೆ.

"ಅಕ್ಕಾವ್ರೆ, ಅವ್ರೇ ಅಂತ ಬರ್ಕೊಟ್ಟಿದ್ದೇ ನೀವಲ್ವಾ? ಮುದ್ರೆ ಸಮೇತ."

"ನನ್ನ ಬುದ್ಧಿಗೆ ಮಂಕು ಬಡಿದಿತ್ತು."

"ಈಗ ಹೊಸ ಸಾಕ್ಷಿ ಯಾರು?"

"ಗೊಂತಾ."

ಆ ಕಡೆ ಅವನು ನೂಡಲ್ ಸುರ್ರೆಂದು ಎಳೆಯುತ್ತಿದ್ದದ್ದು ನಿಂತಿತು. "ನ್ಯಾಯಾಧೀಶರ ಮುಂದೆ ಪ್ರಮಾಣ ಮಾಡಿಸೋರು ಯಾರು, ನೀವೇನಾ?"

"ತಮಾಷೆ ಆಮೇಲೆ. ಹತ್ತು ಸಲ ಅತ್ತಿದೆ, ಅದೊಂದು ದಿನ ಅತ್ತಿಲ್ಲ. ಇವತ್ತು ಇಬ್ಬರ ಕೈಲಿ ಕೊಟ್ಟು ನೋಡ್ದೆ. ಬೇರೆಯವರು ಮರೆಯಾದ್ರೆ ಅದಕ್ಕೆ ಎಳ್ಳಷ್ಟೂ ಚಿಂತೆ ಇಲ್ಲ. ನೀನೇ ನಾಯಿ ಹಿಂದೆ ಓಡಿದವನು, ನಿನಗೆ ಬಿಡಿಸಿ ಹೇಳ್ಬೇಕಾ?"

"ಅವಳು ಒಪ್ಪಿಕೊಂಡಾಗಿದೆ ಅಕ್ಕಾವ್ರೆ. ನಾಳೆ ಮಧ್ಯಾಹ್ನ ಕಾಗದ ಪತ್ರ ಮೇಲಕ್ಕೆ ಹೋಗತ್ತೆ."

"ಅದಕ್ಕೇ ಈಗ ಕೇಳು. ಒಂದೇ ಮಾತು. ಆ ಭಾನುವಾರ ನಾಯಿ ಹಿಡ್ಕೊಂಡು ಹೋದವರು ಯಾರು ಅಂತ ಅವಳನ್ನ ಕೇಳು. ಅವಳ ಮುಖ ನೋಡ್ತಾ ಕೇಳು."

"ಕೇಳ್ತೀನಿ. ಆದ್ರೆ ನೀವು ಆ ಮನುಷ್ಯನ ಹತ್ರ ಒಬ್ಬರೇ ಮಾತಿಗೆ ಇಳೀಬೇಡಿ."

"ಆಯ್ತಪ್ಪ" ಎಂದು ಫೋನಿಟ್ಟೆ. ಇಟ್ಟವಳು ನೆಟ್ಟಗೆ ನಾಣ್ಯ ಹಾಕುವ ಯಂತ್ರದಿಂದ ಎರಡು ಡಬ್ಬಿ ಬಿಸಿ ಕಾಫಿ ತೆಗೆದುಕೊಂಡು ಕುನಿಹಿಕೊ ಕೂತಿದ್ದ ಬೆಂಚಿಗೆ ಹೋದೆ. ಹೇಳಿದ ಮಾತು ಕೇಳುವ ಗುಣ ನನಗೆ ಹುಟ್ಟಿನಿಂದ ಬಂದಿಲ್ಲ. ನಾಯಿಗಳಿಗೆ ಮಾತ್ರ ಕಲಿಸುತ್ತೇನೆ.

ಗೊಂತಾ ಅವನ ಬೂಟಿನ ಮೇಲೆ ಗಲ್ಲ ಊರಿ ಮಲಗಿತ್ತು.

"ಇವತ್ತು ನನ್ನ ನಾಯಿ ಮೇಲೆ ಬಹಳ ಪ್ರಯೋಗ ಆಯ್ತು" ಎಂದ ಕುನಿಹಿಕೊ, ಡಬ್ಬಿ ತೆಗೆದುಕೊಳ್ಳುತ್ತ. "ಥ್ಯಾಂಕ್ಸ್. ಏನು ಕಂಡುಹಿಡಿದ್ರಿ?"

"ಅದಕ್ಕೆ ನೀವು ಅಂದ್ರೆ ಪ್ರಾಣ ಅಂತ."

"ಅದು ನನಗೂ ಗೊತ್ತು."

"ಮಾರ್ಚಿ ಮೊದಲ್ನೇ ಭಾನುವಾರ ಅದರ ಪ್ರಾಣ ಇಲ್ಲಿಗೆ ಬಂದಿರಲಿಲ್ಲ ಅಂತಾನೂ ಗೊತ್ತಾಯ್ತು."

ಅವನು ಗುಟುಕರಿಸಿದ. ಕಾಫಿ ಬಿಸಿಯಾಗಿತ್ತು. ನಿಧಾನವಾಗಿ ನುಂಗಿದ. ಅವನ ಬೆರಳುಗಳು ಗೊಂತಾನ ಕಿವಿಯ ಹಿಂದೆ ಕೆರೆಯುವುದನ್ನು ನಿಲ್ಲಿಸಿದವು. ನಾಯಿ ತಲೆಯೆತ್ತಿ ಅವನ ಮುಖ ನೋಡಿತು.

"ಟೀಚರ್, ನಿಮ್ಮ ಮೊಬೈಲ್ ತೆಗೆದು ಬೆಂಚಿನ ಮೇಲಿಡಿ. ಸ್ಕ್ರೀನ್ ಮೇಲ್ಮುಖ ಮಾಡಿ."

ಇಟ್ಟೆ. ಧ್ವನಿಮುದ್ರಣ ಏನೂ ಇರಲಿಲ್ಲ. ಅಷ್ಟು ಜಾಣತನ ನನಗೆ ಹೊಳೆದೂ ಇರಲಿಲ್ಲ. ಅವನು ಬಗ್ಗಿ ನೋಡಿ ತಲೆಯಾಡಿಸಿದ.

"ನಾಯಿ ಒಂದು ದಿನ ಅಳಲಿಲ್ಲ ಅಂತ ಯಾವ ಕೋರ್ಟಿಗೆ ಹೋಗ್ತೀರಾ?"

"ಕೋರ್ಟಿಗೆ ನಾಯಿ ಬೇಡ. ನಾನು ಹೋಗ್ತೀನಿ. 'ನಾನು ಮುಖ ನೋಡಿಲ್ಲ, ಧ್ವನಿ ಕೇಳಿಲ್ಲ, ಬರೀ ನಾಯಿ ನೋಡಿ ಬರ್ಕೊಟ್ಟೆ' ಅಂತ ಹೇಳ್ತೀನಿ. ಉಳಿದ ಐದು ಜನಾನೂ ಅದನ್ನೇ ಹೇಳ್ತಾರೆ. ಇವತ್ತು ಸಾಯಂಕಾಲದೊಳಗೆ ನನ್ನ ಹೇಳಿಕೆ, ನನ್ನ ಮುದ್ರೆ ವಾಪಸ್ ತಗೊಳ್ತೀನಿ. ಆಮೇಲೆ ನೀವೆಲ್ಲಿದ್ರಿ ಅಂತ ನೀವೇ ಹೇಳ್ಬೇಕಾಗತ್ತೆ."

"ಪರವಾಗಿಲ್ಲ, ಧೈರ್ಯ ಇದೆ" ಎಂದ.

"ಕನ್ನಡಕ ಹಂಚಿದ್ರಿ. ಮೌನದ ಪಾಠದ ದಿನ ಆರಿಸ್ಕೊಂಡ್ರಿ. ಎಲ್ಲಾ ಲೆಕ್ಕ ಹಾಕಿದ್ರಿ. ನಾಯಿಗೆ ನಿಮ್ಮ ಮೇಲೆ ಇಷ್ಟೊಂದು ಪ್ರೀತಿ ಇದೆ ಅನ್ನೋದೊಂದು ಮರೆತ್ರಿ."

ಅವನ ಮುಖದಲ್ಲಿ ಮೊದಲ ಸಲ ಏನೋ ಕದಲಿತು. ಕೋಪವೂ ಅಲ್ಲ, ಹೆದರಿಕೆಯೂ ಅಲ್ಲ. ಗೊಂತಾನನ್ನು ನೋಡಿ, ಕಣ್ಣು ಬೇರೆ ಕಡೆ ಹೊರಳಿಸಿದ.

"ಯಾರು ಅವನು?" ಎಂದು ಕೇಳಿದೆ. "ನಿಮ್ಮ ಕೋಟು ಹಾಕ್ಕೊಂಡು ಬಂದವನು?"

"ನಿಮಗೆ ಇನ್ನೂ ಹೊಳೆದಿಲ್ವಾ?"

"ಇಲ್ಲ."

"ಟೀಚರ್, 'ಸಾಕಿದವರೇ ಬರಬೇಕು, ಬದಲಿ ಆಳು ಬಂದ್ರೆ ಮುದ್ರೆ ಇಲ್ಲ' ಅಂತ ಬರೆದು ಹಾಕಿರೋರು ಯಾರು?"

"ನಾನು."

"ನಾನು ಅವತ್ತು ಬೆಳಿಗ್ಗೆ ನನ್ನ ಮನೇಲಿ ಕಂಬಳಿ ಹೊದ್ಕೊಂಡು ಮಲಗಿದ್ದೆ. ಜ್ವರ ಅಂದೆ. ಒಂದು ಪಾಠ ತಪ್ಪಿದ್ರೂ ಗೊಂತಾ ಪಾಸಾಗಲ್ಲ, ಆ ಟೀಚರಮ್ಮ ಬಲು ಕಟ್ಟುನಿಟ್ಟು, ನನ್ನ ಕೋಟು ಟೋಪಿ ಹಾಕ್ಕೊಂಡು ಹೋಗ್ಬಿಡು, ಬಾಯಿ ತೆರೆಯೋ ಪ್ರಮೇಯವೇ ಇಲ್ಲ ಅಂದೆ. ಪಾಪ, ನಂಬಿದ್ಲು. ದಿನಾ ಬೆಳಿಗ್ಗೆ ನನ್ನ ಮನೆಗೂ ಕೆಲಸಕ್ಕೆ ಬರ್ತಾಳೆ, ದಿನಾ ಹೋಗ್ತಾಳೆ. ಅವಳು ಹೋದ್ರೆ ಗೊಂತಾ ಯಾಕೆ ಅಳತ್ತೆ?"

ನನ್ನ ಕೈಯಲ್ಲಿದ್ದ ಡಬ್ಬಿ ಓರೆಯಾಗಿ ಕಾಫಿ ಮೊಣಕಾಲ ಮೇಲೆ ಚೆಲ್ಲಿತು.

"ತಾಮಾಕಿ?"

"ನಿಮ್ಮಿಂದ ಹೂವಿನ ಮುದ್ರೆ ಒತ್ತಿಸ್ಕೊಂಡು ಹೋದವಳು ತಾಮಾಕಿ."

ಹತ್ತೂ ಇಪ್ಪತ್ತಕ್ಕೆ ಆ ಕೊಠಡಿಯ ಹಿಂದೆ ನಿಂತಿದ್ದವಳು ಅವಳು. ನನ್ನಿಂದ ಇಪ್ಪತ್ತು ಹೆಜ್ಜೆ. ಪಾಠ ಮುಗಿದಾಗ ತಲೆಬಾಗಿಸಿ ಎರಡು ಕೈಯಲ್ಲಿ ಕಾರ್ಡು ಚಾಚಿದ್ದಳು. ಆ ಕೈ ನೋಡಲಿಲ್ಲ ನಾನು. ನಾಯಿ ನೋಡುತ್ತಿದ್ದೆ. ಜಗತ್ತಿನಲ್ಲಿ ಅವಳನ್ನು ಬಿಡಿಸುವ ಸಾಕ್ಷಿ ಯಾರಾದರೂ ಇದ್ದರೆ ಅದು ನಾನು. ಆ ಸಾಕ್ಷಿಯನ್ನು ತೆಗೆದು ಇವನಿಗೆ ಕೊಟ್ಟುಬಿಟ್ಟಿದ್ದೆ. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

"ಮತ್ತೆ ಮೆಟ್ಟಿಲ ಹತ್ರ ಇದ್ದವರು ನೀವು."

"ನಾನೆಲ್ಲಿದ್ದೆ ಅನ್ನೋದು ಬೇರೆ ಮಾತು. ತಳ್ಳಿದ್ದು ತಾನೇ ಅಂತ ಅವಳು ಸಹಿ ಹಾಕಿದ್ದಾಳೆ. ಹೋಗಿ, ನಿಮ್ಮ ಮುದ್ರೆ ವಾಪಸ್ ತಗೊಳ್ಳಿ. 'ತಾಮಾಕಿ ನನ್ನ ತರಗತೀಲಿ ಇದ್ಲು' ಅಂತ ಬರ್ಕೊಡಿ. ಅವಳನ್ನ ಕೇಳ್ತಾರೆ. ಅವಳು ಏನಂತಾಳೆ ಗೊತ್ತಾ? 'ನಾನು ಆ ಮೈದಾನಕ್ಕೆ ಯಾವತ್ತೂ ಕಾಲಿಟ್ಟಿಲ್ಲ' ಅಂತಾಳೆ."

"ಯಾಕೆ? ಅವಳಿಗೇನು ಹುಚ್ಚಾ?"

"ಇಲ್ಲ. ನಿಯತ್ತಿನ ಹೆಂಗಸು. ಚಿಕ್ಕಮ್ಮನಿಗೆ ಉಳಿದಿರೋ ಒಬ್ಬನೇ ಸಂಬಂಧಿ ಅಂತ ಮೊದಲ ದಿನದಿಂದಲೂ ನನ್ನ ಹೆಸರು ಎತ್ತಿಲ್ಲ."

ಅವನು ನಕ್ಕ. ಬೆಳಿಗ್ಗೆಯಿಂದ ಅದೇ ನಗು, ಗಿರಾಕಿಯ ಮೂಗಿನ ಮೇಲೆ ಕನ್ನಡಕ ಕೂರಿಸುವಾಗಿನ ನಗು. ಆ ಡಬ್ಬಿಯನ್ನು ಅವನ ಮುಖಕ್ಕೆ ಎರಚಬೇಕು ಎನ್ನಿಸಿತು. ಎರಚಲಿಲ್ಲ. ಇನ್ನೂ ಏನೋ ಇತ್ತು, ಅದು ನನಗೆ ಗೊತ್ತಾಗಬೇಕಿತ್ತು.

"ಅವಳ ಮೇಲೆ ಏನು ಹೇರಿದ್ದೀರಿ? ದುಡ್ಡಾ? ಬೆದರಿಕೆಯಾ?"

"ನಾನು ಬೆದರಿಸೋದಾ? ಶುಕ್ರವಾರ ಲಾಕಪ್ಪಿನಲ್ಲಿ ಭೇಟಿ ಮಾಡ್ದೆ. ಪಕ್ಕದಲ್ಲೇ ಪೊಲೀಸ್ ಕೂತು ಒಂದೊಂದು ಮಾತೂ ಬರ್ಕೊತಿದ್ದ. ಚಿಕ್ಕಮ್ಮನ ಆರೋಗ್ಯದ ಬಗ್ಗೆ ಮಾತಾಡಿ ಬಂದೆ, ಅಷ್ಟೇ."

ಬೆಂಚಿನ ಮೇಲೆ ಫೋನು ಅದುರಿತು. ತೆರೆಯ ಮೇಲೆ 'ಒಚಿಯಾಯಿ' ಎಂದು ಇಬ್ಬರಿಗೂ ಕಾಣಿಸಿತು.

"ತಗೊಳ್ಳಿ, ತಗೊಳ್ಳಿ" ಎಂದ ಕುನಿಹಿಕೊ, ದೊಡ್ಡ ಮನಸ್ಸಿನಿಂದ.

ನಾಲ್ಕು ಹೆಜ್ಜೆ ಆಚೆ ಹೋಗಿ ಕಿವಿಗಿಟ್ಟುಕೊಂಡೆ.

"ಅಕ್ಕಾವ್ರೆ." ಒಚಿಯಾಯಿಯ ದನಿಯಲ್ಲಿ ತಮಾಷೆ ಇರಲಿಲ್ಲ. "ಕೇಳ್ದೆ. ನಾಯಿ ಹಿಡ್ಕೊಂಡು ಹೋದವರು ಯಾರು ಅಂದೆ. ಇಪ್ಪತ್ತು ದಿನದಲ್ಲಿ ಒಂದು ಹನಿ ಕಣ್ಣೀರು ಹಾಕಿದವಳಲ್ಲ. ಗಳಗಳ ಅತ್ತುಬಿಟ್ಲು."

"ಏನಂದ್ಲು?"

"ಮೊದಲು, 'ನಂಗೆ ಗೊತ್ತಿಲ್ಲ' ಅಂದ್ಲು. ಆಮೇಲೆ, 'ಟೀಚರಿಗೆ ಗೊತ್ತಾಯ್ತಾ?' ಅಂತ ಕೇಳಿದ್ಲು. ಗೊತ್ತಾಯ್ತು ಅಂದೆ. ಅಷ್ಟಕ್ಕೇ ಮೇಜಿಗೆ ಹಣೆ ಹಚ್ಚಿ ಬೇಡ್ಕೊಂಡ್ಲು. 'ನಾಳೆ ಬೆಳಿಗ್ಗೆ ಒಂಬತ್ತು ಗಂಟೆ ತನಕ ಅವರು ಯಾರಿಗೂ ಏನೂ ಹೇಳದಿರಲಿ. ಅದರಲ್ಲೂ ಕುನಿಹಿಕೊ ಅವರಿಗೆ ಗೊತ್ತಾಗೋದೇ ಬೇಡ' ಅಂತ."

"ಒಂಬತ್ತಕ್ಕೆ ಏನು?"

"ಅದೇ ನನಗೂ ಅರ್ಥ ಆಗ್ಲಿಲ್ಲ. ಶುಕ್ರವಾರದ ಭೇಟಿಯ ದಾಖಲೆ ತೆಗೆಸ್ದೆ. ಕುನಿಹಿಕೊ ಹೇಳಿದ್ದು ಇಷ್ಟು, ಓದ್ತೀನಿ ಕೇಳಿ: 'ತಲೆಯೊಳಗೆ ರಕ್ತ ಹೆಪ್ಪುಗಟ್ಟಿದೆಯಂತೆ, ಮತ್ತೆ ಆಪರೇಷನ್ ಮಾಡಿದ್ರೆ ಉಳೀತಾರಂತೆ. ಹತ್ತಿರದ ಸಂಬಂಧಿ ಅಂತ ಇರೋನು ನಾನೊಬ್ಬನೇ, ನನ್ನ ಸಹಿ ಬೇಕಂತೆ. ಹಾಕ್ಬೇಕಾ ಬೇಡ್ವಾ ಅಂತ ನಾನಿನ್ನೂ ಯೋಚಿಸ್ತಿದ್ದೀನಿ. ನೀನೂ ಯೋಚಿಸು.' ಶನಿವಾರ ಬೆಳಿಗ್ಗೆ ಇವಳು ತಪ್ಪೊಪ್ಪಿಗೆಗೆ ಸಹಿ ಹಾಕಿದ್ಲು. ಮಧ್ಯಾಹ್ನ ಅವನು ಆಸ್ಪತ್ರೇಲಿ ಸಹಿ ಹಾಕ್ದ. ಆಪರೇಷನ್ ನಾಳೆ ಬೆಳಿಗ್ಗೆ ಒಂಬತ್ತಕ್ಕೆ."

ನದಿಯ ಕಡೆಯಿಂದ ಗಾಳಿ ಬೀಸುತ್ತಿತ್ತು. ಒಂದು ಜೀವ ಉಳಿಸಿಕೊಳ್ಳಲು ತನ್ನ ಜೀವನ ಒತ್ತೆಯಿಟ್ಟವಳು ಇನ್ನೊಂದು ರಾತ್ರಿ ಕಳೆದರೆ ಸಾಕು ಎಂದು ಹಲ್ಲು ಕಚ್ಚಿ ಕೂತಿದ್ದಳು. ನಾನು ಜಾಣತನ ತೋರಿಸಲು ಬಿಸಿ ಕಾಫಿ ಹಿಡಿದು ಬಂದಿದ್ದೆ.

"ಅಕ್ಕಾವ್ರೆ? ನೀವು ಅವನ ಹತ್ರ ಏನೂ ಹೇಳಿಲ್ಲ ತಾನೆ?"

ನಾನು ತಿರುಗಿ ನೋಡಿದೆ.

ಕುನಿಹಿಕೊ ಎದ್ದು ನಿಂತಿದ್ದ. ಗುಡಿಸಿದ ಕಸದ ಚೀಲದ ಬಾಯಿಗೆ ಗಂಟು ಹಾಕಿ, ಕಾಫಿ ಡಬ್ಬಿಯನ್ನು ಬೇರೆ ಬುಟ್ಟಿಗೆ ಹಾಕಿ, ಕೈ ಒರೆಸಿಕೊಂಡು ನನ್ನ ಕಡೆ ಬಂದ. ನನ್ನ ಮುಖ ನೋಡಿಯೇ ಫೋನಿನಲ್ಲಿ ಏನು ಬಂತೆಂದು ಅವನಿಗೆ ತಿಳಿದಿರಬೇಕು. ಗೊಂತಾನ ಹಗ್ಗವನ್ನು ನನ್ನ ಖಾಲಿ ಕೈಯಲ್ಲಿಟ್ಟು, ಬೆರಳುಗಳನ್ನು ಒಂದೊಂದಾಗಿ ಮಡಿಸಿದ.

"ಆಸ್ಪತ್ರೆಗೆ ನಾಯಿ ಬಿಡಲ್ಲ. ಒಂದು ಗಂಟೆ ನೋಡ್ಕೊಂಡಿರಿ" ಎಂದ. "ಕೊಟ್ಟ ಮುದ್ರೆ ವಾಪಸ್ ತಗೊಳ್ತೀನಿ ಅಂದ್ರಲ್ಲ ಟೀಚರ್? ನಾನೂ ಹೋಗಿ ನನ್ನದೊಂದು ಸಹಿ ವಾಪಸ್ ತಗೊಂಡು ಬರ್ತೀನಿ."